ಮದುವೆಯ ಗೌನಿಗೆ ತೋಳು ಕೂಡಿಸಿದ ಬಗೆ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮ ಹಿರಿಯರು ಹೇಳುತ್ತಾರೆ. ಮದುವೆಯ ಉಡುಪಿನ ಮಟ್ಟಿಗೆ ಈ ಮಾತು ಅರ್ಧ ಮಾತ್ರ ನಿಜ. ಮದುಮಗಳು ಏನು ತೊಟ್ಟಿದ್ದಾಳೆಂದು ಊರೇ ನೋಡುತ್ತದೆ, ಸರಿ. ಆದರೆ ಅದನ್ನು ಬೆಳಗಿನಿಂದ ಸಂಜೆಯವರೆಗೆ ಮೈಮೇಲೆ ಹೊತ್ತು ನಿಲ್ಲುವವಳು, ಕುಳಿತುಕೊಳ್ಳುವವಳು, ಮೊಣಕಾಲೂರುವವಳು ಅವಳೊಬ್ಬಳೇ. ನೋಡುವವರಿಗೂ ಒಪ್ಪಬೇಕು, ತೊಟ್ಟವಳಿಗೂ ಹಿತವಾಗಬೇಕು. ಇಂತಹ ಒಂದು ಕೆಲಸ ಕಳೆದ ವರ್ಷ ನಮ್ಮ ಶಾಲೆಯ ಹೊಲಿಗೆ ತರಗತಿಗೆ ಬಂದಿತು. ಅದರಿಂದ ನಾವು ಕಲಿತುಕೊಂಡದ್ದು ವಿದ್ಯಾರ್ಥಿಗಳಿಗೂ, ಮನೆಯಲ್ಲಿ ಹೊಲಿಗೆಯಂತ್ರವಿರುವ ತಾಯಂದಿರಿಗೂ ಉಪಯೋಗವಾದೀತೆಂದು ಇಲ್ಲಿ ವಿವರಿಸುತ್ತಿದ್ದೇವೆ.

ನಮ್ಮ ಕಾಸರಗೋಡು ಹಲವು ಭಾಷೆಗಳ ನಾಡು. ಮದುವೆಯ ಉಡುಪುಗಳೂ ಹಲವು. ಕೊಂಕಣಿ ಮನೆಮಾತಿನ ಕ್ರೈಸ್ತ ಕುಟುಂಬಗಳಲ್ಲಿ ಮದುಮಗಳಿಗೆ 'ಸಾಡೊ' ಎಂಬ ಕೆಂಪು ಸೀರೆಯ ಸಂಪ್ರದಾಯವುಂಟು. ಇಗರ್ಜಿಯಲ್ಲಿ ಬಿಳಿ ಸೀರೆ ಉಡುವವರೂ ಇದ್ದಾರೆ, ಬಿಳಿ ಗೌನು ತೊಡುವವರೂ ಇದ್ದಾರೆ. ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಅಕ್ಕನಿಗೆ ಮದುವೆ ನಿಶ್ಚಯವಾಯಿತು. ಗಲ್ಫಿನಲ್ಲಿ ದಾದಿಯಾಗಿರುವ ಚಿಕ್ಕಮ್ಮ ತಮ್ಮ ಸಂಬಳದಲ್ಲಿ ಒಂದು ಗೌನು ಕೊಂಡು ಕಳುಹಿಸಿದರು. ಅವರಿಗೆ ಈ ಸಲವೂ ರಜೆ ಸಿಕ್ಕಿರಲಿಲ್ಲ. 'ನನ್ನ ಬದಲಿಗೆ ಇದು ಬರುತ್ತದೆ' ಎಂದು ಫೋನಿನಲ್ಲಿ ಹೇಳಿದ್ದರಂತೆ.

ಪೆಟ್ಟಿಗೆ ಬಿಚ್ಚಿ ನೋಡಿದರೆ ಗೌನಿಗೆ ತೋಳಿಲ್ಲ. ತೋಳು ಹಾಗಿರಲಿ, ಹೆಗಲಿನ ಪಟ್ಟಿಯೂ ಇಲ್ಲ. ಎದೆಯ ಮೇಲುಭಾಗಕ್ಕೇ ಬಟ್ಟೆ ಮುಗಿದಿತ್ತು. ಇಗರ್ಜಿಗೆ ಹೆಗಲು ಮುಚ್ಚಿಕೊಂಡು ಹೋಗುವುದು ಅವರ ಮನೆಯ ಕ್ರಮ. ಅಜ್ಜಿ 'ಸೀರೆಯೇ ಇರಲಿ' ಎಂದರು. ಮದುಮಗಳಿಗೆ ಚಿಕ್ಕಮ್ಮನ ಗೌನನ್ನೇ ತೊಡಬೇಕೆಂಬ ಆಸೆ. ಪೇಟೆಯ ದರ್ಜಿಯೊಬ್ಬರು 'ಮೇಲಿನ ಅಂಚನ್ನು ಕತ್ತರಿಸಿ ಹೊಸತಾಗಿ ಮಾಡಬೇಕು' ಎಂದರು. ಅದಕ್ಕೂ ದಾರಿಯಿರಲಿಲ್ಲ. ಅದೇ ಗೌನನ್ನು ಮುಂದೆ ಚಿಕ್ಕಮ್ಮನ ಮಗಳು ತನ್ನ ಮದುವೆಗೆ ತೊಡುವವಳಿದ್ದಳು, ಅವಳಿಗೆ ಅದು ಇದ್ದ ಹಾಗೆಯೇ ಬೇಕಿತ್ತು. ತೋಳು ಬರಬೇಕು, ಗೌನಿಗೆ ಕತ್ತರಿ ಬೀಳಬಾರದು, ಬೇಕಾದಾಗ ತೋಳನ್ನು ಬಿಚ್ಚಲೂ ಬರಬೇಕು. ಇದು ನಮ್ಮ ಮುಂದಿದ್ದ ಲೆಕ್ಕ.

ಮೊದಲು ತಿಳಿಯಬೇಕಾದದ್ದು, ಪಟ್ಟಿಯಿಲ್ಲದ ಗೌನು ಜಾರದೆ ನಿಲ್ಲುವುದು ಹೇಗೆ ಎಂಬುದು. ನಾವು ತೊಡುವ ಅಂಗಿ ಹೆಗಲಿನಿಂದ ತೂಗುತ್ತದೆ. ಪಂಚೆ ಸೊಂಟದಲ್ಲಿ ನಿಲ್ಲುತ್ತದೆ. ಈ ಗೌನು ನೋಡಲು ಅಂಗಿಯಂತಿದ್ದರೂ ಪಂಚೆಯ ಜಾತಿಯದು. ಅದರ ಒಳಮಗ್ಗುಲನ್ನು ತಿರುಗಿಸಿ ನೋಡಿದೆವು. ಬಟ್ಟೆಗೂ ಅಸ್ತರಿಗೂ ನಡುವೆ ಸಣ್ಣ ಸಣ್ಣ ಕೊಳವೆಗಳಂತೆ ಹೊಲಿದು, ಅವುಗಳಲ್ಲಿ ಬಾಗುವ ಪ್ಲಾಸ್ಟಿಕ್ ಕಡ್ಡಿಗಳನ್ನು ಇಟ್ಟಿದ್ದರು. ಸೊಂಟದ ಬಳಿ ಒಳಗಡೆ ಗಟ್ಟಿಯಾದ ಒಂದು ಪಟ್ಟಿ, ಅದಕ್ಕೆ ಕೊಕ್ಕೆ. ಆ ಪಟ್ಟಿ ಸೊಂಟವನ್ನು ಹಿಡಿಯುತ್ತದೆ. ಕಡ್ಡಿಗಳು ಸೊಂಟದಿಂದ ಮೇಲಕ್ಕೆ ಕಂಬಗಳಂತೆ ನಿಂತು ಎದೆಯ ಭಾಗದ ಬಟ್ಟೆ ಕುಸಿಯದಂತೆ ನೋಡಿಕೊಳ್ಳುತ್ತವೆ.

ಇದನ್ನು ತಿಳಿಯದೆ ಮೇಲಿನ ಅಂಚಿಗೇ ತೋಳನ್ನು ಹೊಲಿದರೆ ಏನಾಗುತ್ತದೆ? ಕೈ ಎತ್ತಿದಾಗ ತೋಳು ಅಂಚನ್ನು ಜಗ್ಗುತ್ತದೆ, ಅಂಚು ಮೈಯಿಂದ ದೂರ ಸರಿದು ಬಾಯಿ ಬಿಡುತ್ತದೆ, ಇಲ್ಲವೆ ಹೊಲಿಗೆ ಹರಿಯುತ್ತದೆ. ಕೈ ಇಳಿಸಿದಾಗ ತೋಳು ತಾನೇ ಕೆಳಕ್ಕೆ ಜಾರುತ್ತದೆ, ಏಕೆಂದರೆ ಅದನ್ನು ಹಿಡಿದುಕೊಳ್ಳಲು ಹೆಗಲ ಮೇಲೆ ಏನೂ ಇಲ್ಲ. ಆದ್ದರಿಂದ ತೋಳಿಗಿಂತ ಮೊದಲು ಹೆಗಲನ್ನು ಕೊಡಬೇಕು. ಅಂದರೆ ಕುತ್ತಿಗೆಯಿಂದ ಎದೆಯವರೆಗೆ ಮುಂದೆ, ಹಿಂದೆ, ಹೆಗಲ ಮೇಲೆ ಬರುವ ಒಂದು ಮೇಲುಭಾಗ. ಇದನ್ನು ದರ್ಜಿಗಳು ಯೋಕು ಎನ್ನುತ್ತಾರೆ. ತೋಳಿನ ಭಾರ ಯೋಕಿನ ಮೂಲಕ ಹೆಗಲಿಗೆ ಹೋಗುತ್ತದೆ. ಗೌನಿನ ಭಾರ ಮೊದಲಿನಂತೆ ಸೊಂಟದಲ್ಲೇ ಉಳಿಯುತ್ತದೆ. ಒಂದರ ಭಾರ ಇನ್ನೊಂದರ ಮೇಲೆ ಬೀಳುವುದಿಲ್ಲ.

ಬಿಳಿ ಗೌನಿಗೂ ತೋಳಿಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ 1840ರ ಫೆಬ್ರವರಿ 10ರಂದು ತನ್ನ ಮದುವೆಗೆ ಬಿಳಿ ಸ್ಯಾಟಿನ್ ಗೌನು ತೊಟ್ಟ ಮೇಲೆ ಆ ಬಣ್ಣಕ್ಕೆ ಹೆಚ್ಚಿನ ಮನ್ನಣೆ ಬಂದಿತು. 2011ರ ಏಪ್ರಿಲ್ 29ರಂದು ಅದೇ ರಾಜಮನೆತನಕ್ಕೆ ಸೊಸೆಯಾಗಿ ಬಂದ ಕ್ಯಾಥರೀನ್ ಮಿಡಲ್‌ಟನ್ ತೊಟ್ಟ ಗೌನಿಗೆ ಮಣಿಕಟ್ಟಿನವರೆಗೂ ಲೇಸಿನ ತೋಳುಗಳಿದ್ದವು. ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರುವ ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್ ಎಂಬ ಸಂಸ್ಥೆಯ ಕಸೂತಿಗಾರರು ಲೇಸಿನ ಹೂಗಳನ್ನು ಒಂದೊಂದಾಗಿ ನೆಟ್ ಬಟ್ಟೆಯ ಮೇಲೆ ಕೈಯಿಂದ ಕೂಡಿಸಿದರು. ಅವರು 30 ನಿಮಿಷಕ್ಕೊಮ್ಮೆ ಕೈ ತೊಳೆಯುತ್ತಿದ್ದರು, 3 ಗಂಟೆಗೊಮ್ಮೆ ಸೂಜಿ ಬದಲಿಸುತ್ತಿದ್ದರು. ಇದನ್ನು ಓದಿ ಹೇಳಿದ ಮೇಲೆ ನಮ್ಮ ತರಗತಿಯಲ್ಲಿ ಕೈ ತೊಳೆಯಲು ಯಾರಿಗೂ ಎರಡನೆಯ ಸಲ ಹೇಳಬೇಕಾಗಲಿಲ್ಲ.

ಇನ್ನು ಅಳತೆ. ಗೌನಿನೊಳಗೆ ತೊಡುವ ಒಳ ಉಡುಪನ್ನೂ ಮದುವೆಯ ದಿನದ ಪಾದರಕ್ಷೆಯನ್ನೂ ತೊಡಿಸಿಯೇ ಅಳತೆ ತೆಗೆಯಬೇಕು. ಹೆಗಲಿನ ಅಗಲ, ಬೆನ್ನಿನ ಅಗಲ, ಕಂಕುಳ ಸುತ್ತು, ಮೇಲುತೋಳಿನ ಸುತ್ತು, ಮಣಿಕಟ್ಟಿನ ಸುತ್ತು, ತೋಳಿನ ಉದ್ದ ಇಷ್ಟು ಸಾಕು. ಉದ್ದವನ್ನು ಮೊಣಕೈ ಮಡಚಿ ಅಳೆಯಬೇಕು. ಕೈ ನೇರವಾಗಿದ್ದಾಗ ನಮಗೆ 21 ಇಂಚು ಬಂದದ್ದು ಮಡಚಿದಾಗ 22 ಆಯಿತು. ಆ 1 ಇಂಚನ್ನು ಬಿಟ್ಟಿದ್ದರೆ ಅವಳು ಕೈ ಮಡಚಿದಾಗಲೆಲ್ಲ ತೋಳು ಮಣಿಕಟ್ಟಿನಿಂದ ಮೇಲಕ್ಕೆ ಓಡುತ್ತಿತ್ತು. ಮೇಲುತೋಳಿನ ಸುತ್ತು 11 ಇಂಚು. ಬಟ್ಟೆ ಹಿಗ್ಗುವ ಜಾತಿಯದಲ್ಲವಾದರೆ ಇದಕ್ಕೆ 2 ಇಂಚಾದರೂ ಸಡಿಲ ಕೊಡಬೇಕು. ನಾವು 13 ಇಂಚು ಇಟ್ಟೆವು.

ತೋಳಿನ ತುಂಡನ್ನು ಹಾಸಿ ನೋಡಿದರೆ ಅದರ ಮೇಲ್ಭಾಗ ಗುಡ್ಡದಂತೆ ಬಾಗಿರುತ್ತದೆ. ಈ ಗುಡ್ಡ ಎತ್ತರವಾಗಿದ್ದರೆ ತೋಳು ಕೈಗೆ ಅಂಟಿ ಚೊಕ್ಕಟವಾಗಿ ಕಾಣುತ್ತದೆ, ಆದರೆ ಕೈಯನ್ನು ಹೆಚ್ಚು ಎತ್ತಲಾಗದು. ಗುಡ್ಡ ತಗ್ಗಾಗಿದ್ದರೆ ಕೈ ಸಲೀಸಾಗಿ ಎದ್ದೀತು, ಆದರೆ ಕೈ ಇಳಿಸಿದಾಗ ಕಂಕುಳಲ್ಲಿ ನೆರಿಗೆ ನಿಲ್ಲುತ್ತದೆ. ಮದುಮಗಳು ಇಗರ್ಜಿಯಲ್ಲಿ ಕೈ ಜೋಡಿಸಬೇಕು, ತಲೆಯ ಮುಸುಕನ್ನು ಸರಿಪಡಿಸಿಕೊಳ್ಳಬೇಕು, ಹಿರಿಯರನ್ನು ಅಪ್ಪಿಕೊಳ್ಳಬೇಕು. ಆದುದರಿಂದ ನಾವು ಎರಡರ ನಡುವಣ ಎತ್ತರವನ್ನು ಆರಿಸಿದೆವು.

ಇಲ್ಲಿ ಹಲವರು ಮಾಡುವ ತಪ್ಪೊಂದನ್ನು ಹೇಳಲೇಬೇಕು. ಕೈ ಸುಲಭವಾಗಿ ಏಳಲೆಂದು ಕಂಕುಳ ಕುಳಿಯನ್ನು ಆಳವಾಗಿ ಕತ್ತರಿಸುತ್ತಾರೆ. ಫಲ ತಲೆಕೆಳಗಾಗುತ್ತದೆ. ಕುಳಿ ಕೆಳಗಿದ್ದಷ್ಟೂ ಕೈಯೊಡನೆ ಪಕ್ಕೆಯ ಬಟ್ಟೆಯೆಲ್ಲ ಮೇಲೇಳುತ್ತದೆ. ಕುಳಿ ಕಂಕುಳಿನ ಹತ್ತಿರ, ಸುಮಾರು 1 ಇಂಚು ಕೆಳಗಿದ್ದರೆ ಸಾಕು. ಇನ್ನೂ ಸ್ವಾತಂತ್ರ್ಯ ಬೇಕಾದರೆ ಕಂಕುಳಿಗೆ ಒಂದು ಸಣ್ಣ ಚೌಕ ತುಂಡನ್ನು ಮೂಲೆ ಮೇಲಾಗಿ ಕೂಡಿಸಬೇಕು. ಹಿಂದಿನ ದರ್ಜಿಗಳು ಜುಬ್ಬಗಳಿಗೆ ಇಡುತ್ತಿದ್ದ ಚೌಕ ಇದೇ. ನಾವು 3 ಇಂಚಿನ ಚೌಕವನ್ನು ಕೂಡಿಸಿದೆವು. ಕೈ ಇಳಿಸಿದಾಗ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅಸಲು ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಪಂಚೆಯಲ್ಲಿ ಒಂದು ಮಾದರಿ ಮಾಡಿದೆವು. ಮಾದರಿಯಿಲ್ಲದೆ ಹೊರಟಿದ್ದರೆ ನಮ್ಮ ಮಾನ ಹೋಗುತ್ತಿತ್ತು! ಯೋಕನ್ನು ಕುತ್ತಿಗೆಯ ಸುತ್ತ ಅಂದವಾಗಿ ಹೊಲಿದು ತೊಡಿಸಲು ಹೋದರೆ ಹುಡುಗಿಯ ತಲೆಯೇ ತೂರಲಿಲ್ಲ. ಗೌನಿನ ಬೆನ್ನಿಗೆ ಜಿಪ್ಪಿದೆ, ಅದರ ಮೇಲೆ ಬರುವ ಯೋಕಿಗೂ ಬೆನ್ನಲ್ಲಿ ಬಾಯಿ ಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆಮೇಲೆ ಹಿಂದುಗಡೆ ಸೀಳಿ, ಸಣ್ಣ ಗುಂಡಿಗಳನ್ನೂ ದಾರದ ಕುಣಿಕೆಗಳನ್ನೂ ಇಡುವುದೆಂದು ತೀರ್ಮಾನಿಸಿದೆವು.

ಯೋಕಿಗೂ ತೋಳಿಗೂ ಮಂಗಳೂರಿನಿಂದ ನೈಲಾನ್ ನೆಟ್ ಬಟ್ಟೆ ತರಿಸಿದೆವು. ಅದು ಹಾಲಿನಂತೆ ಬಿಳುಪು, ಗೌನಾದರೋ ಕೆನೆಯ ಬಣ್ಣ. ಬಿಳಿಯೆಲ್ಲ ಒಂದೇ ಬಿಳಿಯಲ್ಲ ಎಂಬುದು ಎರಡನ್ನೂ ಬಿಸಿಲಿನಲ್ಲಿ ಪಕ್ಕಪಕ್ಕ ಹಿಡಿದಾಗ ತಿಳಿಯಿತು. ಸೋಸಿದ ತಿಳಿಯಾದ ಚಹಾ ನೀರಿನಲ್ಲಿ ಮೊದಲು ಒಂದು ಚೂರನ್ನು ಅದ್ದಿ, ಒಣಗಿಸಿ ನೋಡಿ, ಬಣ್ಣ ಹೊಂದಿದ ಮೇಲೆ ಉಳಿದದ್ದನ್ನು ಅದ್ದಿದೆವು. ನೈಲಾನಿಗೆ ಚಹಾದ ಬಣ್ಣ ಹಿಡಿಯುತ್ತದೆ. ಪಾಲಿಯೆಸ್ಟರಿಗೆ ಹಿಡಿಯುವುದು ಕಷ್ಟ. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು. ಮದುಮಗಳ ತಾಯಿ ತಮ್ಮ ಮದುವೆಯ ಮುಸುಕಿನ ಲೇಸನ್ನು ತಂದುಕೊಟ್ಟರು. ವರ್ಷಗಳು ಕಳೆದು ಅದು ತಾನಾಗಿಯೇ ಕೆನೆಬಣ್ಣಕ್ಕೆ ತಿರುಗಿತ್ತು. ಎಳೆ ಗಟ್ಟಿಯಾಗಿದೆಯೇ ಎಂದು ಮೆಲ್ಲನೆ ಎಳೆದು ನೋಡಿ, ಅದನ್ನು ಮಣಿಕಟ್ಟಿನ ಅಂಚಿಗೆ ಇಟ್ಟೆವು.

ಯಂತ್ರದಲ್ಲಿ ನೆಟ್ ಹೊಲಿಯುವಾಗ ಕೆಳಗಿನ ಹಲ್ಲುಗಳು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತವೆ. ಅಡಿಗೆ ತೆಳುವಾದ ಕಾಗದ ಇಟ್ಟು ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆಯಬೇಕು. ನಾವು ಮೊದಲು ವೃತ್ತಪತ್ರಿಕೆಯ ಹಾಳೆ ಇಟ್ಟೆವು. ಶಾಯಿ ನೆಟ್ಟಿಗೆ ಅಂಟಿತು. ಪುಣ್ಯಕ್ಕೆ ಅದು ಪರೀಕ್ಷೆಯ ಚೂರಾಗಿತ್ತು. ಅಚ್ಚಿಲ್ಲದ ಬಿಳಿ ಕಾಗದವೇ ಆಗಬೇಕು. ತೋಳಿನ ಗುಡ್ಡದ ಸುತ್ತಳತೆ ಕಂಕುಳ ಕುಳಿಯ ಸುತ್ತಿಗಿಂತ ತುಸು ಹೆಚ್ಚಿರಬೇಕು. ಹೆಚ್ಚಿನದನ್ನು ನೆರಿಗೆ ಕಾಣದಂತೆ ಒಳಗೆ ಸೇರಿಸಿ ಹೊಲಿದಾಗ ಹೆಗಲಿನ ದುಂಡು ಬರುತ್ತದೆ. ಹತ್ತಿಯ ಬಟ್ಟೆಗೆ 1 ಇಂಚು ಹೆಚ್ಚಿಡಬಹುದು. ನೆಟ್ಟನ್ನು ಇಸ್ತ್ರಿಯಿಂದ ಕುಗ್ಗಿಸಲಾಗದ ಕಾರಣ ನಾವು ಅರ್ಧ ಇಂಚಿಗೆ ನಿಲ್ಲಿಸಿದೆವು. ಯೋಕಿಗೆ ಎರಡು ಪದರ ಕೊಟ್ಟು, ಹೆಗಲಿನ ಹೊಲಿಗೆ ಹಿಗ್ಗದಂತೆ ಒಳಗೆ ಕಿರಿದಾದ ಪಟ್ಟಿ ಇಟ್ಟೆವು.

ಕೊನೆಯದು ಯೋಕನ್ನು ಗೌನಿಗೆ ಸೇರಿಸುವ ಕೆಲಸ. ಇದಕ್ಕೆ ಯಂತ್ರ ಬಳಸಲಿಲ್ಲ. ಯೋಕಿನ ಕೆಳ ಅಂಚು ಗೌನಿನೊಳಕ್ಕೆ ಒಂದೂವರೆ ಇಂಚು ಇಳಿಯುವಂತೆ ಇಟ್ಟು, ಮದುಮಗಳು ತೊಟ್ಟು ನಿಂತಿರುವಾಗಲೇ ಗುರುತು ಮಾಡಿ, ಆಮೇಲೆ ಅಸ್ತರಿಗೆ ಮಾತ್ರ ತಗಲುವಂತೆ ಕೈಹೊಲಿಗೆ ಹಾಕಿದೆವು. ಹೊರಗಿನ ಸ್ಯಾಟಿನ್ನಿಗೆ ಒಂದು ಸೂಜಿಯೂ ತಾಗಲಿಲ್ಲ. ಸ್ಯಾಟಿನ್ನಿಗೆ ಗುಂಡುಸೂಜಿ ಚುಚ್ಚಿದರೂ ತೂತು ಉಳಿಯುತ್ತದೆ ಎಂಬುದನ್ನು ನೆನಪಿಡಬೇಕು. ಹೊಲಿಗೆಗೆ ತೆಳು ನೀಲಿ ದಾರ ಬಳಸಿದೆವು. ಒಳಗಿರುವುದರಿಂದ ಅದು ಕಾಣದು. ನಾಳೆ ಬಿಚ್ಚುವವರಿಗೆ ಯಾವುದು ನಮ್ಮ ಹೊಲಿಗೆ, ಯಾವುದು ಗೌನಿನ ಹೊಲಿಗೆ ಎಂದು ಕೂಡಲೇ ಗೊತ್ತಾಗುತ್ತದೆ.

ಆಮೇಲೆ ಪರೀಕ್ಷೆ. ನಿಲ್ಲಿಸಿ ನೋಡಿದರೆ ಸಾಲದು. ಕುಳ್ಳಿರಿಸಿದೆವು, ಮೊಣಕಾಲೂರಿಸಿದೆವು, ತಲೆಯ ಮೇಲೆ ಕೈ ಎತ್ತಿಸಿದೆವು, ತಂಗಿಯನ್ನು ಅಪ್ಪಿಕೊಳ್ಳಹೇಳಿದೆವು. ಒಂದು ಕಡೆ ಬೆನ್ನು ಬಿಗಿಯೆಂದಳು. ಆ ಭಾಗವನ್ನು ಬಿಚ್ಚಿ ಕಾಲು ಇಂಚು ಸಡಿಲಿಸಿದೆವು. ಅಜ್ಜಿ ಕನ್ನಡಕ ಹಾಕಿಕೊಂಡು ಹೆಗಲನ್ನೂ ಮಣಿಕಟ್ಟಿನ ಲೇಸನ್ನೂ ಮುಟ್ಟಿ ನೋಡಿದರು. 'ಇದು ನಿನ್ನ ತಾಯಿಯದಲ್ಲವೇ?' ಎಂದು ಕೇಳಿದರು. ಸೀರೆಯ ಮಾತನ್ನು ಮತ್ತೆ ಎತ್ತಲಿಲ್ಲ.

ಮದುವೆಯ ದಿನ ನಮ್ಮ ತರಗತಿಯ ಎಲ್ಲರೂ ಇಗರ್ಜಿಯ ಹಿಂದಿನ ಬೆಂಚುಗಳಲ್ಲಿದ್ದೆವು. ಇತರರು ಮದುಮಗಳ ಮುಖ ನೋಡುತ್ತಿದ್ದರೆ ನಾವು ಅವಳ ಕಂಕುಳನ್ನು ನೋಡುತ್ತಿದ್ದೆವು! ಅವಳು ಮುಸುಕು ಸರಿಮಾಡಲು ಕೈ ಎತ್ತಿದಾಗ ಗೌನಿನ ಅಂಚು ಅಲುಗಲಿಲ್ಲ. ಮದುವೆಯ ಚಿತ್ರಗಳು ಗಲ್ಫಿಗೆ ಹೋದವು. ಚಿಕ್ಕಮ್ಮನಿಂದ ಶಾಲೆಗೇ ಫೋನು ಬಂತು. ಹೊಲಿದ ಮಕ್ಕಳೆಲ್ಲರ ಹೆಸರನ್ನೂ ಅವರು ಒಂದೊಂದಾಗಿ ಕೇಳಿ ಬರೆದುಕೊಂಡರು.

ಮುಂದಿನ ವಾರ ನೀಲಿ ದಾರವನ್ನು ಬಿಚ್ಚಿದೆವು. ಅರ್ಧ ಗಂಟೆಯಲ್ಲಿ ಗೌನು ಬಂದಂತೆಯೇ ಆಯಿತು. ಯೋಕನ್ನೂ ತೋಳುಗಳನ್ನೂ ಬೇರೆ ಕಾಗದದಲ್ಲಿ ಸುತ್ತಿ, ಅಳತೆಗಳ ಚೀಟಿಯೊಡನೆ ಅದೇ ಪೆಟ್ಟಿಗೆಯಲ್ಲಿ ಇಟ್ಟೆವು. ಚಿಕ್ಕಮ್ಮನ ಮಗಳಿಗೆ ಬೇಡವಾದರೂ, ಅವಳ ನಂತರ ತೊಡುವವರಿಗೆ ಬೇಕಾಗಬಹುದು. ಮನೆಯಲ್ಲಿ ಇಂತಹ ಉಡುಪು ಯಾವುದಾದರೂ ಇದ್ದು, ಅದನ್ನು ಕತ್ತರಿಸುವುದೇ ಬಿಡುವುದೇ ಎಂಬ ಚಿಂತೆ ಇದ್ದವರು ಬುಧವಾರ ಮಧ್ಯಾಹ್ನ ನಮ್ಮ ಹೊಲಿಗೆ ಕೋಣೆಗೆ ಬರಬಹುದು. ಬರುವಾಗ ಒಂದು ಹಳೆಯ ಪಂಚೆಯನ್ನೂ ತರಬೇಕೆಂದು ವಿನಂತಿ.