ದೊಡ್ಡ ಅಕ್ಷರ ಬಿಡಿ, ಡಬ್ಬಿಯ ಹಿಂಬದಿ ಓದಿ

“ಅಕ್ಕಾ, ಅವರ ಮಾತು ನನಗೆ ಕೇಳ್ತಿದೆ, ನನ್ನ ಮಾತು ಅವರಿಗೆ ಕೇಳ್ತಿಲ್ಲ!”

ದಾವಣಗೆರೆಯಿಂದ ತಂಗಿಯ ಮೆಸೇಜು. ಅವಳ ಮೊದಲ ಆನ್‌ಲೈನ್ ಇಂಟರ್‌ವ್ಯೂ ಶುರುವಾಗಿ ಎರಡು ನಿಮಿಷವಾಗಿತ್ತು. ಮ್ಯೂಟ್ ಆಗಿರಬೇಕು ನೋಡು ಅಂದೆ. ಆಗಿರಲಿಲ್ಲ. ಪಿನ್ ತೆಗೆದು ಮತ್ತೆ ಹಾಕು ಅಂದೆ. ಹಾಕಿದಳು, ಉಹೂಂ. ಕೊನೆಗೆ ಹೆಡ್‌ಫೋನ್ ಕಿತ್ತಿಟ್ಟು ಲ್ಯಾಪ್‌ಟಾಪಿನ ಮೈಕಿನಲ್ಲೇ ಮಾತಾಡಿದಳು. ಹಿಂದೆ ಅಡುಗೆಮನೆಯಲ್ಲಿ ಅಮ್ಮನ ಮಿಕ್ಸಿ ಗರ್ರ್ ಅಂತಿತ್ತು.

ಆ ಕೆಲಸ ಸಿಗಲಿಲ್ಲ. ಹೆಡ್‌ಫೋನಿನಿಂದಲೇ ಸಿಗಲಿಲ್ಲ ಅಂತ ಹೇಳೋಕಾಗಲ್ಲ. ಆದರೆ ಗಾಬರಿಯಲ್ಲಿ ಕಳೆದುಹೋದ ಆ ಐದಾರು ನಿಮಿಷ ನನ್ನನ್ನು ಕಾಡಿತು. ಯಾಕೆಂದರೆ ಅದನ್ನು ಕೊಡಿಸಿದ್ದು ನಾನೇ. ಡಬ್ಬಿಯ ಮುಂದೆ ದೊಡ್ಡದಾಗಿ ‘40 ಎಂಎಂ, ಎಕ್ಸ್‌ಟ್ರಾ ಬಾಸ್’ ಅಂತಿತ್ತು, ಅಷ್ಟು ಸಾಕಾಗಿತ್ತು ನನಗೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದು ಆಮೇಲೆ. ಕಿವಿಯ ಮೇಲೆ ಕೂರುವ ವೈರಿನ ಹೆಡ್‌ಫೋನ್ ಕೊಳ್ಳೋ ಯೋಚನೆ ನಿಮಗಿದ್ದರೆ, ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ತಿಳ್ಕೊಳ್ಳಿ.

ಪಿನ್ನಿನ ಮೇಲಿನ ಕಪ್ಪು ಗೆರೆಗಳು

3.5 ಎಂಎಂ ಪಿನ್ನನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಎರಡು ಗೆರೆ ಇದ್ದರೆ ಲೋಹದ ಭಾಗ ಮೂರು: ಎಡಕ್ಕೊಂದು, ಬಲಕ್ಕೊಂದು, ಎರಡಕ್ಕೂ ಸೇರಿ ಗ್ರೌಂಡ್ ಒಂದು. ಇದರಲ್ಲಿ ಕೇಳಬಹುದು ಅಷ್ಟೆ. ಮೂರು ಗೆರೆ ಇದ್ದರೆ ಭಾಗ ನಾಲ್ಕು, ನಾಲ್ಕನೆಯದು ಮೈಕಿಗೆ.

ತಂಗಿಯ ಹೆಡ್‌ಫೋನಿನದು ಮೂರು ಗೆರೆಯ ಪಿನ್. ಅವಳ ಹಳೇ ಲ್ಯಾಪ್‌ಟಾಪಿನಲ್ಲಿ ತೂತು ಎರಡು, ಕೇಳೋಕೊಂದು, ಮೈಕಿಗೊಂದು. ಕೇಳೋ ತೂತಿಗೆ ಹಾಕಿದ್ದರಿಂದ ಶಬ್ದ ಬಂತು, ಮೈಕಿಗೆ ದಾರಿಯೇ ಇರಲಿಲ್ಲ. ಕೆಟ್ಟಿದ್ದು ಏನೂ ಅಲ್ಲ, ಹೊಂದಿಕೆಯಾಗಿರಲಿಲ್ಲ ಅಷ್ಟೆ. ಒಂದು ಪಿನ್ನನ್ನು ಎರಡಾಗಿ ಒಡೆಯುವ ಸಣ್ಣ ಸ್ಪ್ಲಿಟರ್ ವೈರ್ ಇದ್ದಿದ್ದರೆ ಅವತ್ತು ಕೆಲಸ ನಡೀತಿತ್ತು.

ಫೋನಿನಲ್ಲಿ ಜ್ಯಾಕೇ ಇಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಬೇಕು. ಅದರಲ್ಲೂ ಎರಡು ಜಾತಿ. ಡಿಜಿಟಲ್ ಸಂಕೇತವನ್ನು ಶಬ್ದದ ಸಂಕೇತವಾಗಿ ಬದಲಿಸುವ ಚಿಪ್, ಅಂದರೆ ಡ್ಯಾಕ್, ಒಳಗೇ ಇರುವುದು ಒಂದು. ಬರೀ ವೈರ್ ಜೋಡಿಸಿರೋದು ಇನ್ನೊಂದು. ಎರಡನೆಯದು ಎಲ್ಲ ಫೋನಿನಲ್ಲೂ ನಡೆಯಲ್ಲ. ಕೊಳ್ಳುವಾಗ ‘ಡ್ಯಾಕ್ ಇದೆಯಾ, ಮೈಕ್ ಕೆಲಸ ಮಾಡತ್ತಾ’ ಅಂತ ಎರಡು ಪ್ರಶ್ನೆ ಕೇಳಿ.

ಓಮ್: ಹೆದರಿಸುವ ಸಂಖ್ಯೆ

ಇಂಪೀಡೆನ್ಸ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ಅಡ್ಡಿ. ಮಹಡಿ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕಿನ ಒತ್ತಡ ವೋಲ್ಟ್ ಆದರೆ, ಪೈಪು ಎಷ್ಟು ಸಣ್ಣ ಅನ್ನೋದು ಓಮ್. ಫೋನಿಗೆ ಅಂತ ಮಾಡಿದ ಹೆಡ್‌ಫೋನುಗಳಲ್ಲಿ 32 ಓಮ್ ಸಾಮಾನ್ಯ. ಸ್ಟುಡಿಯೋದಲ್ಲಿ ಬಳಸುವ ಕೆಲವು 250, 300, 600 ಓಮ್ ಇರುತ್ತವೆ. ಅವನ್ನು ಫೋನಿಗೆ ನೇರ ಸಿಕ್ಕಿಸಿದರೆ ಸಾಮಾನ್ಯವಾಗಿ ಶಬ್ದ ಸಣ್ಣಗೆ ಬರುತ್ತದೆ, ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುತ್ತದೆ.

ಹಾಗಂತ ಓಮ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಅಮೆರಿಕದ ಕಾಸ್ ಕಂಪನಿಯ ಪೋರ್ಟಾ ಪ್ರೋ 1984ರಲ್ಲಿ ಬಂದ ಮಾದರಿ. ವಾಕ್‌ಮನ್ ಕಾಲದ್ದು. ಅದರ ಇಂಪೀಡೆನ್ಸ್ 60 ಓಮ್, 32ರ ಹೆಚ್ಚುಕಡಿಮೆ ಎರಡರಷ್ಟು. ಆದರೂ ಫೋನಿನಲ್ಲಿ ಆರಾಮಾಗಿ ಹಾಡುತ್ತದೆ. ಕಾರಣ ಅದರ ಪಕ್ಕದ ಇನ್ನೊಂದು ಸಂಖ್ಯೆ: 101 ಡೆಸಿಬೆಲ್.

ಡೆಸಿಬೆಲ್: ಯಾವುದಕ್ಕೆ ಎಷ್ಟು?

ಇದು ಸೆನ್ಸಿಟಿವಿಟಿ. ಇಷ್ಟು ವಿದ್ಯುತ್ ಕೊಟ್ಟರೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನೋ ಲೆಕ್ಕ. ಮೋಸ ಹೋಗೋದು ಇಲ್ಲೇ. ಕೆಲವರು 1 ಮಿಲಿವ್ಯಾಟಿಗೆ ಅಳೆಯುತ್ತಾರೆ, ಕೆಲವರು 1 ವೋಲ್ಟಿಗೆ. ಒಂದು ಸೇರಿನ ಲೆಕ್ಕ, ಇನ್ನೊಂದು ಕೆಜಿ ಲೆಕ್ಕ ಇದ್ದ ಹಾಗೆ.

ಒಂದು ಉದಾಹರಣೆ. ಎರಡು ಹೆಡ್‌ಫೋನ್, ಎರಡೂ 32 ಓಮ್. ಮೊದಲನೆಯದರ ಮೇಲೆ ‘1 ಮಿಲಿವ್ಯಾಟಿಗೆ 100 ಡೆಸಿಬೆಲ್’, ಎರಡನೆಯದರ ಮೇಲೆ ‘1 ವೋಲ್ಟಿಗೆ 110 ಡೆಸಿಬೆಲ್’. ನೋಡಿದ ತಕ್ಷಣ ಎರಡನೆಯದೇ ಜೋರು ಅನ್ಸತ್ತೆ ಅಲ್ವಾ? 32 ಓಮಿಗೆ 1 ವೋಲ್ಟ್ ಕೊಟ್ಟರೆ ಹರಿಯುವುದು ಸುಮಾರು 31 ಮಿಲಿವ್ಯಾಟ್. ಡೆಸಿಬೆಲ್‌ನಲ್ಲಿ ಅದು 15ರಷ್ಟು ಹೆಚ್ಚಳ. ಅಂದರೆ ಮೊದಲನೆಯದು ವೋಲ್ಟಿನ ಲೆಕ್ಕದಲ್ಲಿ 115 ಡೆಸಿಬೆಲ್. ಜೋರಾಗಿ ಕೇಳೋದು ಅದೇ!

ನೆನಪಿಡೋಕೆ ಸುಲಭ: 32 ಓಮಿನದಾದರೆ ಮಿಲಿವ್ಯಾಟಿನ ಸಂಖ್ಯೆಗೆ 15 ಕೂಡಿಸಿ, ಆಮೇಲೆ ಹೋಲಿಸಿ. ಬರೀ ‘110 ಡೆಸಿಬೆಲ್’ ಅಂತ ಬರೆದು ಯಾವುದಕ್ಕೆ ಅಂತ ಹೇಳದಿದ್ದರೆ ಆ ಸಂಖ್ಯೆಯಿಂದ ಹೋಲಿಕೆ ಸಾಧ್ಯವಿಲ್ಲ.

ಹರ್ಟ್ಜ್, ಎಂಎಂ ಮತ್ತು ಮಿಲಿವ್ಯಾಟ್

‘20 ರಿಂದ 20,000 ಹರ್ಟ್ಜ್’ ಅನ್ನೋ ಸಾಲು ಬಹುತೇಕ ಎಲ್ಲ ಡಬ್ಬಿಯ ಮೇಲೂ ಇದೆ. ಅದು ಆರೋಗ್ಯವಂತ ಎಳೆಯ ಕಿವಿಯ ಮಿತಿ. ವಯಸ್ಸಾದಂತೆ ಮೇಲಿನ ತುದಿ ಕಡಿಮೆಯಾಗುತ್ತಾ ಬರುತ್ತದೆ. 40,000 ಅಂತ ಬರೆದಿದ್ದರೆ ಖುಷಿಪಡಬೇಕಾದ್ದು ಮನೆಯ ನಾಯಿ. ಆ ಎರಡು ತುದಿಗಳ ನಡುವೆ ಶಬ್ದ ಎಷ್ಟು ಏರಿಳಿಯುತ್ತದೆ ಅನ್ನೋದೇ ಮುಖ್ಯ. ‘±3 ಡೆಸಿಬೆಲ್’ ಅಂತ ಪಕ್ಕದಲ್ಲಿ ಬರೆದಿದ್ದರೆ ಆ ಸಾಲಿಗೆ ಬೆಲೆ ಇದೆ. ಇಲ್ಲದಿದ್ದರೆ ಮುಂದೆ ಹೋಗಿ.

ನಾನು ಮರುಳಾದ 40 ಎಂಎಂ ಒಳಗಿನ ಡ್ರೈವರಿನ ಅಗಲ. ಕಾವಲಿ ದೊಡ್ಡದಾದ ಮಾತ್ರಕ್ಕೆ ದೋಸೆ ರುಚಿಯಾಗಲ್ಲ. ಕಿವಿಯ ಮೇಲೆ ಕೂರುವ ಹೆಡ್‌ಫೋನಿನಲ್ಲಿ ಬಾಸ್ ಉಳಿಯೋದು ಮೆತ್ತೆ ಕಿವಿಗೆ ಸಂದಿಲ್ಲದೆ ಕೂತಾಗ. ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ಹಾಕಿ ನೋಡಿ. ಅರ್ಧ ಗಂಟೆಗೆ ಕಿವಿ ನೋಯುತ್ತಾ ಅನ್ನೋದನ್ನೂ ನೋಡಿ, ಅದು ಯಾವ ಡಬ್ಬಿಯ ಮೇಲೂ ಬರೆದಿರಲ್ಲ.

‘ಗರಿಷ್ಠ 1000 ಮಿಲಿವ್ಯಾಟ್’ ಅನ್ನೋದು ಜೋರಿನ ಅಳತೆಯಲ್ಲ. ಅಷ್ಟರವರೆಗೆ ಕೊಟ್ಟರೆ ಅದು ಸುಡಲ್ಲ ಅಂತ ಮಾತ್ರ ಅರ್ಥ.

ಹೆಡ್‌ಫೋನ್ ತಡ್ಕೊಳತ್ತೆ, ಕಿವಿ?

ಕಿವಿಯನ್ನು ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನಿಗಿಂತ ಇವುಗಳಲ್ಲಿ ಹೊರಗಿನ ಗದ್ದಲ ಸಾಮಾನ್ಯವಾಗಿ ಹೆಚ್ಚು ನುಗ್ಗುತ್ತದೆ. ಬಸ್ಸಿನಲ್ಲಿ ಕೂತಾಗ ಗೊತ್ತಿಲ್ಲದೇ ವಾಲ್ಯೂಮ್ ಏರಿಸ್ತೀವಿ. ನಾನೂ ಏರಿಸ್ತಿದ್ದೆ, ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಕಿವಿಯಲ್ಲಿ ಜೀರುಂಡೆ ಕೂಗುವವರೆಗೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧ ಆಗುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್. ದಿನಕ್ಕೆ ಆರೇಳು ಗಂಟೆ ಕಾಲ್‌ನಲ್ಲೇ ಇರುವವರು ಇದನ್ನೊಮ್ಮೆ ಲೆಕ್ಕ ಹಾಕಿ. ಒಳಗಿವಿಯ ಸೂಕ್ಷ್ಮ ಕೂದಲಿನ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ಕಿವಿಯ ಗುಂಯ್‌ಗುಡುವಿಕೆ ನಿಲ್ಲದಿದ್ದರೆ ಮನೆಮದ್ದು ಹುಡುಕಬೇಡಿ, ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಎರಡು ತಿಂಗಳ ನಂತರ ತಂಗಿಗೆ ಇನ್ನೊಂದು ಇಂಟರ್‌ವ್ಯೂ ಬಂತು. ಹೊಸ ಹೆಡ್‌ಫೋನ್ ಕೊಡಿಸ್ತೀನಿ ಅಂದೆ. “ಬೇಡ ಅಕ್ಕಾ, ಒಂದು ಸ್ಪ್ಲಿಟರ್ ಕಳಿಸು ಸಾಕು” ಅಂದಳು. ಹಿಂದಿನ ರಾತ್ರಿ ಹತ್ತು ಗಂಟೆಗೆ ಲ್ಯಾಪ್‌ಟಾಪಿನಿಂದಲೇ ನನಗೆ ಕಾಲ್ ಮಾಡಿದಳು.

“ಕೇಳ್ತಿದೆಯಾ?”

ಕೇಳ್ತಿತ್ತು. ಸ್ಪಷ್ಟವಾಗಿ. ಹಿಂದೆ ಅಮ್ಮ “ನಾಳೆ ಮಿಕ್ಸಿ ಹಾಕಲ್ಲ ಬಿಡೇ” ಅಂದದ್ದೂ ಕೇಳ್ತು.