ಎಸ್ಟೋನಿಯಾದ ಮನೆ, ನಾರ್ವೆಯ ನೆಲ

ಪ್ರಶ್ನೆ: ಪರದೇಶದ ಕಾರ್ಖಾನೆಯಿಂದ ಸಿದ್ಧ ಮನೆ ತರಿಸಿದರೆ ನಿಜಕ್ಕೂ ಅಗ್ಗವೇ?

ಉತ್ತರ: ಗೋಡೆ, ಸೂರಿನ ಮಟ್ಟಿಗೆ ಹೌದು. ನಾರ್ವೆಯವರು ಎಸ್ಟೋನಿಯಾದಿಂದ ಮರದ ಮನೆ ತರಿಸುವುದು ವರ್ಷಗಳಿಂದ ನಡೆದಿದೆ. ಅಲ್ಲಿ ಬಡಗಿಯ ಕೂಲಿ ನಾರ್ವೆಗಿಂತ ಬಹಳ ಕಡಿಮೆ. ಕೆಲಸವೂ ಮಳೆ, ಹಿಮದ ಕಾಟವಿಲ್ಲದ ಶೆಡ್ಡಿನೊಳಗೆ. ವೈರಿಂಗ್, ಟೈಲ್ಸ್, ಕಿಟಕಿಯೆಲ್ಲ ಮುಗಿದ ಕೋಣೆಗಳು ಲಾರಿ, ಹಡಗು ಹತ್ತಿ ಬರುತ್ತವೆ. ಕ್ರೇನಿನಲ್ಲಿ ಎತ್ತಿ ಜೋಡಿಸುವುದು ಕೆಲವೇ ದಿನಗಳ ಕೆಲಸ.

ಆದರೆ ತಳಪಾಯ, ನೀರು, ಒಳಚರಂಡಿ ಸಂಪರ್ಕ ಸಾಮಾನ್ಯವಾಗಿ ಆ ಬೆಲೆಯೊಳಗಿಲ್ಲ. ಅವಕ್ಕೆ ತೆರಬೇಕಾದ್ದು ನಾರ್ವೆಯ ದರ! ನಿವೇಶನದವರೆಗೆ ದೊಡ್ಡ ಲಾರಿ ಹೋಗದಿದ್ದರಂತೂ ಲೆಕ್ಕವೇ ತಲೆಕೆಳಗು.

ಮನೆ ಎಲ್ಲೇ ತಯಾರಾಗಲಿ, ಶಾಖ ಉಳಿತಾಯ, ಅಗ್ನಿಸುರಕ್ಷತೆಗೆ ಅನ್ವಯಿಸುವುದು ನಾರ್ವೆಯ ‘ಟೆಕ್17’ ನಿಯಮ. ಮುಂಗಡ ಕೊಡುವ ಮೊದಲೇ ಸ್ಥಳೀಯ ಆಡಳಿತದ ಪರವಾನಗಿ ಕೈಯಲ್ಲಿದ್ದರೆ ಕ್ಷೇಮ. ಸೂರು ಸೋರಿದರೆ ಸಮುದ್ರ ದಾಟಿ ರಿಪೇರಿಗೆ ಬರುವವರು ಯಾರೆಂಬುದನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.