ಮುಖಪುಟವೂ ಚಿಹ್ನೆಯೂ

ಈ ಸಂಚಿಕೆಯನ್ನು ಕೈಗೆ ತೆಗೆದುಕೊಂಡೊಡನೆ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಮೊದಲು ನೋಡಿರುವುದು ಅದರ ಮುಖಪುಟವನ್ನೇ ಸರಿ. ಅದನ್ನು ರಚಿಸಿದವಳು ಹತ್ತನೆಯ ತರಗತಿಯ ಒಬ್ಬ ವಿದ್ಯಾರ್ಥಿನಿ. ಅಂಬಾಜಿದುರ್ಗದ ತಪ್ಪಲಿನ ಹಳ್ಳಿಯಿಂದ ಬರುವವಳು. ಪುಸ್ತಕಗಳಿಗೆ ಹೊದಿಕೆಯನ್ನು ರಚಿಸುವ ಕಲೆಯನ್ನೇ ಮುಂದೆ ವ್ಯಾಸಂಗ ಮಾಡಬೇಕೆಂಬುದು ಅವಳ ಹಂಬಲ. "ಇದೂ ಒಂದು ವಿದ್ಯೆಯೇ?" ಎಂದು ಪಾಲಕರಲ್ಲಿ ಅನೇಕರು ನಮ್ಮನ್ನು ಕೇಳಿರುವುದರಿಂದ, ಅದರಲ್ಲಿ ಕಲಿಯತಕ್ಕದ್ದು ಏನಿರುವುದೆಂಬುದನ್ನು ಇಲ್ಲಿ ತಕ್ಕಮಟ್ಟಿಗೆ ವಿವರಿಸುವೆವು.

ಚಿತ್ರಗಾತಿಯು ತನ್ನ ಕೌಶಲವನ್ನೆಲ್ಲ ಪ್ರದರ್ಶಿಸುವ ಸ್ಥಳವು ಮುಖಪುಟವಲ್ಲ. ಅಂಗಡಿಯ ಮೇಜಿನ ಮೇಲೆ ನೂರು ಪುಸ್ತಕಗಳ ನಡುವೆ ಬಿದ್ದಿರುವ ಒಂದು ಪುಸ್ತಕವು, ದಾರಿಹೋಕನ ಕಣ್ಣನ್ನು ಒಂದು ಕ್ಷಣ ತಡೆದು, ತಾನು ಇಂಥದೆಂದು ಹೇಳಬೇಕು. ನಮ್ಮ ಹುಡುಗಿಯ ಮೊದಲನೆಯ ಚಿತ್ರದಲ್ಲಿ ಬೆಟ್ಟ, ಕೋಟೆಯ ಗೋಡೆ, ಶಾಲೆಯ ಕಟ್ಟಡ, ದೀಪ, ತೆರೆದ ಪುಸ್ತಕ, ಉದಯಸೂರ್ಯ, ರೇಷ್ಮೆಯ ಗೂಡು, ಜಡೆ ಹೆಣೆದ ಇಬ್ಬರು ಬಾಲಕಿಯರು, ಇಷ್ಟೂ ಇದ್ದುವು. ಚಿತ್ರಕಲಾ ಉಪಾಧ್ಯಾಯಿನಿಯವರು ಅದನ್ನು ಗೋಡೆಗೆ ಅಂಟಿಸಿ, ಹತ್ತು ಮಾರು ದೂರ ನಿಂತು ನೋಡೆಂದರು. ಕಂಡದ್ದು ಬರಿಯ ಬಣ್ಣದ ಗೋಜಲು! ಆ ಮೇಲೆ ಅವಳು ದಿನಕ್ಕೊಂದರಂತೆ ತೆಗೆಯುತ್ತ ಬಂದಳು. ಕೊನೆಗೆ ಉಳಿದುದು ಬೆಟ್ಟದ ಏಣಿನ ಒಂದು ಗೆರೆ. ಅದೇ ಗೆರೆಯು ಕವುಚಿಟ್ಟ ಪುಸ್ತಕದ ಬೆನ್ನೂ ಆಗಿರುವುದು. (ಪುಸ್ತಕವನ್ನು ಕವುಚಿಡಬಾರದೆಂದು ವಾಚನಾಲಯದಲ್ಲಿ ಪ್ರತಿದಿನವೂ ಗದರಿಸುವವರು ನಾವೇ, ಆದರೂ ಈ ಒಂದು ಸಲ ಒಪ್ಪಿಕೊಂಡೆವು.)

ಚಿತ್ರಕ್ಕಿಂತಲೂ ಕಷ್ಟವಾದುದು ಅಕ್ಷರ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಇಟ್ಟಿಗೆಗಳಂತೆ ಸಾಲಾಗಿ ನಿಲ್ಲುವುವು. ಕನ್ನಡದಲ್ಲಿ ಅಂತಹ ದೊಡ್ಡ ಚಿಕ್ಕ ಭೇದವಿಲ್ಲ. ಅಕ್ಷರವು ಮೇಲಕ್ಕೆ ಗುಡಿಸನ್ನೂ, ಬಲಕ್ಕೆ ಕೊಂಬನ್ನೂ, ಕೆಳಕ್ಕೆ ಒತ್ತನ್ನೂ ಚಾಚಿಕೊಂಡಿರುವುದು. "ಸ್ಮರಣ ಸಂಚಿಕೆ" ಎಂಬ ಎರಡು ಪದಗಳನ್ನು ಒಂದರ ಕೆಳಗೊಂದು ಬರೆದು ನೋಡಿರಿ. ಮೊದಲಕ್ಷರದ ಮಕಾರದ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದು. ಹಾಗೆ ತಾಗದಿರಲೆಂದು ಒತ್ತನ್ನು ಇರುವೆಯಷ್ಟು ಕಿರಿದು ಮಾಡಿದರೆ ದೂರದಿಂದ "ಸರಣ" ಎಂದೇ ಓದಬೇಕಾಗುವುದು. ಆದಕಾರಣ ಸಾಲುಗಳ ನಡುವಿನ ತೆರವನ್ನು ಮೊದಲು ಗೊತ್ತುಮಾಡಿ, ಆ ಮೇಲೆ ಚಿತ್ರಕ್ಕೆ ಸ್ಥಳ ಕೊಡತಕ್ಕದ್ದು. ಈಗಿನ ಗಣಕಯಂತ್ರವು ಅಕ್ಷರವನ್ನು ಎಳೆದು ಹಿಗ್ಗಿಸಲೂ ಅಮುಕಿ ಕುಗ್ಗಿಸಲೂ ಅವಕಾಶ ಕೊಡುತ್ತದೆ. ಆದರೆ ಹಾಗೆ ಮಾಡಿದಾಗ ದುಂಡಕ್ಷರದ ಗೆರೆಯು ಒಂದೆಡೆ ದಪ್ಪವೂ ಒಂದೆಡೆ ಸಣ್ಣವೂ ಆಗಿ ವಿಕಾರಗೊಳ್ಳುವುದು. ಮದುವೆಯ ಕರೆಯೋಲೆಗಳಲ್ಲಿ ಈ ಅನಾಹುತವನ್ನು ಎಲ್ಲರೂ ನೋಡಿರಬಹುದು.

ಈ ಅಕ್ಷರಗಳ ಹಿಂದೆ ಬಹು ಜನರ ಶ್ರಮವಿರುವುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1841ರಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. 1843ರ "ಮಂಗಳೂರ ಸಮಾಚಾರ"ವನ್ನು ಕಲ್ಲಚ್ಚಿನಲ್ಲಿ ತೆಗೆದರು. ಅಚ್ಚುಮೊಳೆಗಳು ಬಂದ ಮೇಲೆ ಒಂದೊಂದು ಒತ್ತಿಗೂ ಸೀಸದ ಮೊಳೆಯನ್ನು ಎರಕ ಹೊಯ್ಯಬೇಕಾಗಿತ್ತು. 1894ರಲ್ಲಿ ಅಲ್ಲಿಯೇ ಹೊರಬಂದ ಕಿಟ್ಟೆಲರ ನಿಘಂಟಿನ ಒಂದು ಪುಟವನ್ನು ತೆರೆದು ನೋಡಿದರೆ, ಮೊಳೆ ಜೋಡಿಸಿದವರ ತಾಳ್ಮೆಯು ಎಷ್ಟಿತ್ತೆಂಬುದು ತಿಳಿಯುವುದು.

ಇನ್ನು ಚಿಹ್ನೆಯ ವಿಷಯ. ಕೆಲವು ಚಿಹ್ನೆಗಳು ವಸ್ತುವನ್ನು ಹೋಲುವುದರಿಂದ ಅರ್ಥವಾಗುವುವು. ಕೆಲವು ಜನರ ಒಪ್ಪಂದದಿಂದ ಮಾತ್ರ. 1951–52ರ ಪ್ರಥಮ ಮಹಾಚುನಾವಣೆಯಲ್ಲಿ, ನಮ್ಮ ದೇಶದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ ಮಾತ್ರ ಇದ್ದುದರಿಂದ, ಅಭ್ಯರ್ಥಿಗಳಿಗೆ ಬೇರೆ ಬೇರೆ ಮತಪೆಟ್ಟಿಗೆಗಳನ್ನಿಟ್ಟು ಚಿಹ್ನೆಯನ್ನು ಅಂಟಿಸಿದರು. ನೊಗ ಹೊತ್ತ ಎತ್ತುಗಳು, ಗುಡಿಸಲು, ಮರ, ದೀಪ: ಇವು ಯಾವ ಅಜ್ಜಿಗೂ ಹೊಸವಲ್ಲ. ಅಕ್ಷರ ಬಾರದ ತಾಯಂದಿರೂ ತಮ್ಮ ಮತವನ್ನು ತಾವೇ ಆರಿಸಿ ಹಾಕಿದುದು ಈ ಸರಳವಾದ ರೇಖಾಚಿತ್ರಗಳ ಸಹಾಯದಿಂದ. 2010ರಲ್ಲಿ ಅಂಗೀಕೃತವಾದ ರೂಪಾಯಿಯ ಚಿಹ್ನೆಯಾದರೋ ನಾಗರಿಯ ರಕಾರವನ್ನೂ ರೋಮನ್ ಅಕ್ಷರವನ್ನೂ ಒಂದರಲ್ಲಿ ಕೂಡಿಸಿರುವುದು; ಅದನ್ನು ರಚಿಸಿದವರು ಡಿ. ಉದಯಕುಮಾರ್ ಅವರು.

ಚಿಹ್ನೆಯನ್ನು ಕಂಡಲ್ಲಿ ಎತ್ತಿಕೊಂಡು ಬಳಸಬಾರದೆಂಬುದನ್ನೂ ಕಲಿಯಬೇಕಾಗುವುದು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಈ ಹುಡುಗಿಯು ಬಿಳಿಯ ನೆಲದ ಮೇಲೆ ಕೆಂಪು ಶಿಲುಬೆಯನ್ನು ಬರೆದುಕೊಟ್ಟಳು. ಅದು 1864ರ ಜಿನೀವಾ ಒಪ್ಪಂದದ ಕಾಲದಿಂದ ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಉಪಚರಿಸುವವರ ರಕ್ಷಣೆಗಾಗಿ ಇರುವ ಗುರುತು. ನಮ್ಮ ದೇಶದಲ್ಲಿ 1960ರ ಶಾಸನದ ಮೇರೆಗೆ ಅಪ್ಪಣೆಯಿಲ್ಲದೆ ಬಳಸುವುದು ನಿಷಿದ್ಧ. ಎಲ್ಲ ಕಡೆಯೂ ಅದನ್ನೇ ಬರೆದರೆ, ಗುಂಡು ಹಾರಿಸುವವನು ಅದನ್ನು ಕಂಡು ತಡೆಯುವುದೆಂತು? ಅವಳು ಅದನ್ನು ಅಳಿಸಿ, ಹಸುರು ನೆಲದ ಮೇಲೆ ಬಿಳಿಯ ಶಿಲುಬೆಯನ್ನು ಬರೆದಳು.

ಈ ವ್ಯಾಸಂಗಕ್ಕೆ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜು, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲೆಗಳ ಕಾಲೇಜು ಇವೆರಡು ನಮ್ಮ ನಾಡಿನಲ್ಲಿಯೇ ಇರುವುವು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು 1961ರಲ್ಲಿ ಆರಂಭವಾದುದು. ಅಲ್ಲಿಯ ಪ್ರವೇಶ ಪರೀಕ್ಷೆ ಕಠಿನ. ಪ್ರೌಢಶಾಲೆಯಲ್ಲಿರುವಾಗಲೇ ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳನ್ನು ಮುಗಿಸಿಕೊಳ್ಳುವುದು ಲೇಸು.

ಹುಡುಗಿಯ ತಂದೆಯವರು ರೇಷ್ಮೆ ಬೆಳೆಯುವವರು. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುವವರು. ಅವರು ಕಚೇರಿಗೆ ಬಂದು, "ಅಮ್ಮನವರೇ, ಇದರಿಂದ ಹೊಟ್ಟೆ ತುಂಬುವುದೇ?" ಎಂದು ಕೇಳಿದರು. ಕಲಿತವರೆಲ್ಲರಿಗೂ ಕೆಲಸ ಸಿಗುವುದೆಂದು ನಾವು ಹೇಳಲಿಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯೊಂದನ್ನು ಅವರ ಕೈಗೆ ಕೊಟ್ಟೆವು. ಆನೆಯ ತಲೆ, ಸಿಂಹದ ಮೈ ಇರುವ ಆ ಶರಭವನ್ನು ಯಾರೋ ಒಬ್ಬರು ಕುಳಿತು ಬರೆಯಲೇಬೇಕಾಯಿತಲ್ಲವೇ, ಔಷಧದ ಸೀಸೆಯಿಂದ ಪಠ್ಯಪುಸ್ತಕದವರೆಗೆ ಅಂತಹ ಕೆಲಸವು ಎಲ್ಲೆಲ್ಲಿಯೂ ಇರುವುದಲ್ಲವೇ ಎಂದೆವು. ಅವರು ಪೆಟ್ಟಿಗೆಯನ್ನು ಬಹಳ ಹೊತ್ತು ತಿರುವಿ ನೋಡಿದರು. ಹೈಯರ್ ಪರೀಕ್ಷೆಯ ಶುಲ್ಕವನ್ನು ಕಟ್ಟಿ ಹೋಗಿರುವರು. ಉಳಿದ ಮಾತನ್ನು ಫಲಿತಾಂಶ ಬಂದ ಬಳಿಕ ಆಡೋಣವೆಂದಿರುವರು.